ಫೈಬರ್ ದೋಣಿಯ ಹಳೆ ಬಣ್ಣ ತೆಗೆಯುವಾಗ ಗಮನಿಸಬೇಕಾದದ್ದು

ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್, ಕಾಸರಗೋಡು ಕಸಬಾ. ಈ ಕಡಲ ಕರೆಯಲ್ಲಿ ಎಲ್ಲಿ ನೋಡಿದರೂ ಫೈಬರ್ ದೋಣಿಗಳೇ ಕಾಣುತ್ತವೆ. 1980ರ ದಶಕದಿಂದ ಮರದ ದೋಣಿಯ ಜಾಗಕ್ಕೆ ನಿಧಾನವಾಗಿ ಇವು ಬಂದವು. ಮರದ ದೋಣಿಗೆ ಎಣ್ಣೆ ಹಚ್ಚುವ, ಸಂದು ತುಂಬಿಸುವ ಕೆಲಸ ಹಿರಿಯರಿಗೆ ಕೈಬಂದ ವಿದ್ಯೆ. ಆದರೆ ಫೈಬರ್ ದೋಣಿಗೆ ಬಣ್ಣ ಬದಲಾಯಿಸುವ ವಿಷಯ ಬಂದಾಗ ಹೆಚ್ಚಿನವರು ಮರಕ್ಕೆ ಮಾಡಿದ್ದನ್ನೇ ಇದಕ್ಕೂ ಮಾಡ್ತಾರೆ. ನಷ್ಟ ಆಗುವುದು ಅಲ್ಲಿಯೇ. ಬಣ್ಣದ ಡಬ್ಬದ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ, ಕೆಲಸದ ಜಾಗದಲ್ಲಿ ಮಾತು ಬ್ಯಾರಿ, ತುಳು, ಮಲಯಾಳದಲ್ಲಿ. ನಡುವೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುವವರು ಕಡಿಮೆ.

ದೋಣಿಯ ಚರ್ಮ ಎಷ್ಟು ದಪ್ಪ?

ಫೈಬರ್ ದೋಣಿ ಅಂದರೆ ಗಾಜಿನ ನಾರಿನ ಮ್ಯಾಟನ್ನು ರೆಸಿನ್‌ನಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರ ಪದರವಾಗಿ ಕೂರಿಸಿದ್ದು. ಅದರ ಹೊರಗೆ ನುಣುಪಾದ, ಹೊಳಪಿನ ಒಂದು ಪದರ ಇರುತ್ತದೆ. ಅದಕ್ಕೆ ಜೆಲ್‌ಕೋಟ್ ಅಂತ ಹೆಸರು. ನೀರು ಒಳಗಿನ ನಾರಿಗೆ ಇಳಿಯದಂತೆ ತಡೆಯುವುದು ಅದೇ. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು.

ಇದಕ್ಕೆ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಂದು ಕೋಟ್ ಬಣ್ಣ ಒಣಗಿದ ಮೇಲೆ ಸುಮಾರು 0.03ರಿಂದ 0.05 ಮಿ.ಮೀ. ದಪ್ಪ ಇರುತ್ತದೆ. ವರ್ಷಕ್ಕೆ ಎರಡು ಕೋಟಿನಂತೆ ಐದು ವರ್ಷ ಹಚ್ಚಿದರೆ ಹತ್ತು ಕೋಟ್. ಅಂದರೆ ತೆಗೆಯಬೇಕಾದ ಬಣ್ಣವೂ ಉಳಿಸಬೇಕಾದ ಜೆಲ್‌ಕೋಟೂ ಹೆಚ್ಚುಕಡಿಮೆ ಒಂದೇ ದಪ್ಪ. ಕೈ ಸ್ವಲ್ಪ ಜಾರಿದರೂ ಬಣ್ಣದ ಜೊತೆ ದೋಣಿಯ ಚರ್ಮವೂ ಹೋಗ್ತದೆ. ಇಡೀ ಕೆಲಸದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದೇ.

ಎಲ್ಲವನ್ನೂ ತೆಗೆಯಬೇಕೆಂದಿಲ್ಲ

ಹಳೆ ಬಣ್ಣ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅದನ್ನು ಪೂರ್ತಿ ತೆಗೆಯುವುದು ದುಡ್ಡು ದಂಡ, ಮೈಕೈ ನೋವು. ಮೊದಲು ಎರಡು ಪರೀಕ್ಷೆ ಮಾಡಬೇಕು.

ಒಂದು, ಟೇಪಿನ ಪರೀಕ್ಷೆ. ಚೂಪಾದ ಬ್ಲೇಡಿನಿಂದ ಬಣ್ಣದ ಮೇಲೆ ಮಾತ್ರ ಹಗುರವಾಗಿ ಚೌಕುಳಿ ಗೆರೆ ಎಳೆದು, ಮೇಲೆ ಗಟ್ಟಿ ಟೇಪ್ ಒತ್ತಿ, ಒಮ್ಮೆಲೇ ಎಳೆಯಬೇಕು. ಟೇಪಿನ ಜೊತೆ ಚೌಕಗಳು ಕಿತ್ತು ಬಂದರೆ ಆ ಬಣ್ಣ ಹೋಗಲೇಬೇಕು. ಬರದಿದ್ದರೆ ಉಜ್ಜಿ ಒರಟು ಮಾಡಿದರೆ ಸಾಕು. ನಾಲ್ಕೈದು ಕಡೆ ಪರೀಕ್ಷಿಸಬೇಕು. ನೀರಿನ ಮಟ್ಟಕ್ಕಿಂತ ಮೇಲೆ ಒಂದು ಸ್ಥಿತಿ, ಅಡಿಯಲ್ಲಿ ಇನ್ನೊಂದು ಸ್ಥಿತಿ ಇರ್ತದೆ.

ಎರಡು, ಥಿನ್ನರ್ ಪರೀಕ್ಷೆ. ಹೊಸದಾಗಿ ಹಚ್ಚಲಿರುವ ಬಣ್ಣದ ಥಿನ್ನರಿನಲ್ಲಿ ಬಟ್ಟೆ ಅದ್ದಿ ಹಳೆ ಬಣ್ಣದ ಮೇಲೆ ಹತ್ತು ನಿಮಿಷ ಅಂಟಿಸಿಡಬೇಕು. ಹಳೆ ಬಣ್ಣ ಮೆತ್ತಗಾದರೆ, ಸುಕ್ಕು ಬಿದ್ದರೆ, ಅದರ ಮೇಲೆ ಆ ಹೊಸ ಬಣ್ಣ ಹಚ್ಚಬಾರದು. ಸಾಧಾರಣ ಎನಾಮೆಲ್ ಮೇಲೆ ಎರಡು ಡಬ್ಬ ಬೆರೆಸುವ ಪಾಲಿಯುರೆಥೇನ್ ಹಚ್ಚಿ, ಮರುದಿನ ಎಲ್ಲ ಸುಕ್ಕುಗಟ್ಟಿ ಏಳುವುದು ಇದೇ ಕಾರಣಕ್ಕೆ.

ತೊಳೆದ ಮೇಲೆಯೇ ಉಜ್ಜುವುದು

ದೋಣಿಯನ್ನು ಮೇಲೆ ಎಳೆದ ತಕ್ಷಣ ಅಡಿಗೆ ಅಂಟಿದ ಚಿಪ್ಪು, ಪಾಚಿ ಒದ್ದೆ ಇರುವಾಗಲೇ ಕೆರೆಯಬೇಕು. ಒಣಗಿದರೆ ಅದು ಕಲ್ಲಿನ ಹಾಗೆ ಕೂರ್ತದೆ. ಆಮೇಲೆ ಸೋಪು ನೀರು, ಕೊನೆಗೆ ಬಾವಿಯ ಸಿಹಿನೀರು. ಉಪ್ಪು ಬಣ್ಣದ ಅಡಿಯಲ್ಲಿ ಉಳಿದರೆ ಅದು ತೇವವನ್ನು ಎಳೆದು ಗುಳ್ಳೆ ಎಬ್ಬಿಸುತ್ತದೆ.

ಡೀಸೆಲ್, ಗ್ರೀಸ್, ಮೇಣದ ಅಂಶವನ್ನು ಥಿನ್ನರ್ ಬಟ್ಟೆಯಿಂದ ಉಜ್ಜುವ ಮೊದಲೇ ಒರೆಸಬೇಕು. ಮೊದಲು ಉಜ್ಜಿದರೆ ಆ ಜಿಡ್ಡನ್ನು ಗೀರುಗಳ ಒಳಗೆ ತುಂಬಿದ ಹಾಗೆ ಆಗ್ತದೆ. ಒಂದು ಬಟ್ಟೆಯಿಂದ ಒದ್ದೆ ಮಾಡಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯುವುದು ಕ್ರಮ. ಬಟ್ಟೆ ಆಗಾಗ ಬದಲಾಯಿಸದಿದ್ದರೆ ಜಿಡ್ಡು ಜಾಗ ಬದಲಾಯಿಸುತ್ತದೆ ಅಷ್ಟೇ.

ಮೂರು ದಾರಿ

ಕೆರೆಯುವುದು: ಸಿಪ್ಪೆ ಎದ್ದ ಬಣ್ಣಕ್ಕೆ ಇದೇ ಒಳ್ಳೆಯ ದಾರಿ. ಸ್ಕ್ರೇಪರಿನ ಎರಡು ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಕೊಳ್ಳಬೇಕು. ಚೂಪು ಮೂಲೆ ಜೆಲ್‌ಕೋಟಿನಲ್ಲಿ ಗೆರೆ ಹಾಕ್ತದೆ. ಸ್ಕ್ರೇಪರನ್ನು ಆದಷ್ಟು ಓರೆಯಾಗಿ, ಹಲಗೆಗೆ ಹತ್ತಿರ ಹಿಡಿಯಬೇಕು.

ರಾಸಾಯನಿಕ: ಕಬ್ಬಿಣದ ಗೇಟಿಗೆ, ಮರದ ಬಾಗಿಲಿಗೆ ಹಚ್ಚುವ ಪೈಂಟ್ ರಿಮೂವರ್ ಫೈಬರಿಗೆ ಆಗುವುದಿಲ್ಲ. ಅದರಲ್ಲಿ ಹೆಚ್ಚಾಗಿ ಇರುವ ಮೆಥಿಲೀನ್ ಕ್ಲೋರೈಡ್ ಬಣ್ಣವನ್ನು ಕರಗಿಸುವ ಹಾಗೆಯೇ ಜೆಲ್‌ಕೋಟನ್ನೂ ರೆಸಿನನ್ನೂ ಮೆತ್ತಗೆ ಮಾಡುತ್ತದೆ. ಅದರ ಆವಿಯೂ ಉಸಿರಿಗೆ ಅಪಾಯ. ಫೈಬರ್‌ಗ್ಲಾಸಿಗೆ ಸುರಕ್ಷಿತ ಎಂದು ಡಬ್ಬದಲ್ಲಿ ಸ್ಪಷ್ಟವಾಗಿ ಬರೆದಿರುವ ರಿಮೂವರ್ ಬೇರೆ ಇದೆ. ಅದನ್ನೂ ಒಂದು ಅಂಗೈ ಅಗಲ ಮೂಲೆಯಲ್ಲಿ ಹಚ್ಚಿ ನೋಡಿ ಮುಂದುವರಿಯಬೇಕು. ಹೇಳಿದ ಹೊತ್ತಿಗಿಂತ ಜಾಸ್ತಿ ಬಿಡಬಾರದು. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆದು ಚೆನ್ನಾಗಿ ತೊಳೆಯಬೇಕು.

ಉಜ್ಜುವುದು: 80 ನಂಬರಿನ ಸ್ಯಾಂಡ್ ಪೇಪರಿನಿಂದ ಶುರು ಮಾಡಿ, ಜೆಲ್‌ಕೋಟ್ ಹತ್ತಿರ ಬಂದಂತೆ 120ಕ್ಕೆ, ಹೊರಮೈಯ ಹೊಳಪಿನ ಬಣ್ಣಕ್ಕೆ ಮುನ್ನ 220ಕ್ಕೆ ಹೋಗಬೇಕು. ಮೆಷಿನ್ ಬೇಕಾದರೆ ಸುತ್ತುತ್ತಾ ಅಲುಗಾಡುವ ಆರ್ಬಿಟಲ್ ಸ್ಯಾಂಡರ್ ಸರಿ. ಗ್ರೈಂಡರಿಗೆ ಪೇಪರ್ ಡಿಸ್ಕ್ ಹಾಕಿ ಹೊಡೆದರೆ ಕೆಲಸ ಬೇಗ ಮುಗಿದಂತೆ ಕಾಣ್ತದೆ, ಆದರೆ ಒಂದೆರಡು ಕ್ಷಣದಲ್ಲಿ ಹಳ್ಳ ಬೀಳುತ್ತದೆ. ಮೂಲೆ, ಅಂಚುಗಳಲ್ಲಿ ಮೆಷಿನ್ ಬೇಡ, ಕೈಯಲ್ಲೇ ಉಜ್ಜಬೇಕು.

ಎಲ್ಲಿ ನಿಲ್ಲಿಸುವುದು? ಒಂದೇ ಬಣ್ಣದ ನುಣುಪು ಮೈ ಕಂಡರೆ ಜೆಲ್‌ಕೋಟ್ ಬಂತು, ಕೈ ಹಗುರ ಮಾಡಬೇಕು. ನಾರಿನ ಎಳೆ ಅಥವಾ ನೇಯ್ಗೆಯ ಗುರುತು ಕಂಡರೆ ಜೆಲ್‌ಕೋಟ್ ಹೋಗಿಬಿಟ್ಟಿತು ಎಂದರ್ಥ. ಅಂಥ ಜಾಗವನ್ನು ಬರೀ ಬಣ್ಣ ಹಚ್ಚಿ ಮುಚ್ಚಿದರೆ ನೀರು ನಾರಿಗೆ ಇಳಿಯುತ್ತದೆ. ಅಲ್ಲಿಗೆ ಎಪಾಕ್ಸಿ ಪುಟ್ಟಿ, ಮೇಲೆ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಎಪಾಕ್ಸಿಯ ಮೇಲೆ ಸಾಧಾರಣ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ ಎಂಬುದೂ ಗೊತ್ತಿರಲಿ.

ಬೆಂಕಿ, ಬ್ಲೋಲ್ಯಾಂಪ್, ಹೀಟ್ ಗನ್, ಮರಳು ಹೊಡೆಯುವ ಮೆಷಿನ್, ತಂತಿ ಬ್ರಷ್ ಇವು ಫೈಬರಿಗೆ ಸಲ್ಲ. ಬಿಸಿಗೆ ರೆಸಿನ್ ಮೆತ್ತಗಾಗಿ ಪದರ ಬಿಡಬಹುದು. ಅದು ಹೊರಗಿನಿಂದ ಕಾಣುವುದೇ ಇಲ್ಲ.

ಧೂಳು ಮನೆಗೆ ಬರಬಾರದು

ದೋಣಿಯ ಅಡಿಗೆ ಹಚ್ಚುವ ಬಣ್ಣದಲ್ಲಿ ಚಿಪ್ಪು ಅಂಟದಿರಲಿ ಎಂದೇ ತಾಮ್ರದ ಆಕ್ಸೈಡಿನಂಥ ವಿಷ ಬೆರೆಸಿರುತ್ತಾರೆ. ಚಿಪ್ಪುಹುಳುವನ್ನು ದೂರ ಇಡುವ ವಸ್ತು ಮನುಷ್ಯನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ. ತವರದ ಟಿಬಿಟಿ ಎಂಬ ವಿಷ ಇದ್ದ ಬಣ್ಣಗಳನ್ನು ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಒಪ್ಪಂದ ನಿಷೇಧಿಸಿತು. ಆ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು.

ಆದ್ದರಿಂದ ಅಡಿಭಾಗವನ್ನು ಒಣಗಿದಾಗ ಮೆಷಿನ್ ಹಾಕಿ ಧೂಳೆಬ್ಬಿಸುವುದಕ್ಕಿಂತ ವಾಟರ್ ಪೇಪರಿನಲ್ಲಿ ಕೈಯಿಂದ ಒದ್ದೆಯಾಗಿ ಉಜ್ಜುವುದು ವಾಸಿ. ಒದ್ದೆ ಕೆಲಸದ ಹತ್ತಿರ ಕರೆಂಟಿನ ಮೆಷಿನ್ ಬರಲೇಬಾರದು. ಮುಖಕ್ಕೆ ಕಟ್ಟುವ ಬೈರಾಸು, ಕರ್ಚೀಫು ಈ ಧೂಳನ್ನು ತಡೆಯುವುದಿಲ್ಲ. ಧೂಳಿಗೆ ಎನ್95 ಮಾಸ್ಕ್ ಬೇಕು. ಥಿನ್ನರ್, ರಿಮೂವರ್ ಆವಿಗೆ ಅದೂ ಸಾಲದು, ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕನ್ನಡಕ, ಕೈಗವಸು ಜೊತೆಗಿರಲಿ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಸಣ್ಣ ಮಕ್ಕಳನ್ನು ಎತ್ತಿಕೊಂಡರೆ ಧೂಳು ಅವರ ಮೈಗೂ ಹೋಗ್ತದೆ. ಬಟ್ಟೆ ಅಲ್ಲೇ ಬದಲಿಸಿ, ಬೇರೆಯಾಗಿ ಒಗೆಯಬೇಕು. ಕೆಲಸದ ಹತ್ತಿರ ಬೀಡಿ ಬೇಡ, ಥಿನ್ನರಿಗೆ ಒಂದು ಕಿಡಿ ಸಾಕು.

ದೋಣಿಯ ಅಡಿಗೆ ಟಾರ್ಪಾಲ್ ಹಾಸಿ, ಕೆರೆದ ಬಣ್ಣವನ್ನೆಲ್ಲ ಗೋಣಿಯಲ್ಲಿ ತುಂಬಿಸಬೇಕು. ಶಿರಿಯ, ಮೊಗ್ರಾಲ್, ಚಂದ್ರಗಿರಿಯ ಅಳಿವೆ ಬಾಗಿಲಲ್ಲಿ ಅದನ್ನು ನೀರಿಗೆ ತಳ್ಳಿದರೆ ತಾಮ್ರ ಕೆಸರಿಗೆ ಸೇರುತ್ತದೆ. ಅದೇ ಕೆಸರಿನಿಂದ ಹೆಕ್ಕಿದ ಮರುವಾಯಿ ನಾಳೆ ನಮ್ಮದೇ ಮನೆಗಳ ಸಾರಿಗೆ ಬರುವುದು.

ಒಣಗದೆ ಹಚ್ಚಬಾರದು

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಸಣ್ಣ ದೋಣಿಗಳಿಗೆ ಅದು ಅನ್ವಯಿಸದಿದ್ದರೂ ಆಟಿಯ ಕಡಲಿಗೆ ಹೆದರಿ ಹಲವು ದೋಣಿಗಳು ದಡದಲ್ಲೇ ಇರ್ತವೆ. ಪುರುಸೊತ್ತು ಇರುವುದು ಆವಾಗಲೇ, ಆದರೆ ಗಾಳಿಯಲ್ಲಿ ತೇವ ಜಾಸ್ತಿ ಇರುವುದೂ ಆವಾಗಲೇ. ತೇವಾಂಶ ಶೇ. 85 ದಾಟಿದರೆ ಬಣ್ಣ ಹಚ್ಚುವುದು ಒಳ್ಳೆಯದಲ್ಲ. ಕೆರೆಯುವ, ಉಜ್ಜುವ ಕೆಲಸವನ್ನು ಮಳೆಗಾಲದಲ್ಲಿ ಮಾಡಿನ ಅಡಿಯಲ್ಲಿ ಮುಗಿಸಿ, ಪ್ರೈಮರನ್ನು ನಾಲ್ಕು ದಿನ ಬಿಸಿಲು ಸಿಕ್ಕಿದ ಮೇಲೆ ಹಚ್ಚುವುದು ಜಾಣತನ.

ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಚೌಕ ಪಾರದರ್ಶಕ ಪ್ಲಾಸ್ಟಿಕನ್ನು ನಾಲ್ಕು ಬದಿಗೂ ಟೇಪ್ ಹಾಕಿ ದೋಣಿಗೆ ಅಂಟಿಸಿ ಒಂದು ದಿನ ಬಿಡಬೇಕು. ಒಳಗಡೆ ಬೆವರಿದ್ದರೆ ಫೈಬರಿನಲ್ಲಿ ಇನ್ನೂ ನೀರಿದೆ. ಬಣ್ಣ ತೆಗೆದಾಗ ಗುಳ್ಳೆಗಳು ಕಂಡು, ಒಡೆದರೆ ವಿನೆಗರಿನಂಥ ಹುಳಿ ವಾಸನೆಯ ನೀರು ಬಂದರೆ, ನೀರು ಒಳಗೆ ಇಳಿದಾಗಿದೆ ಎಂದರ್ಥ. ಆಗ ಗುಳ್ಳೆಗಳನ್ನು ಬಿಡಿಸಿ, ಸಿಹಿನೀರಿನಲ್ಲಿ ತೊಳೆದು, ವಾರಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಎಪಾಕ್ಸಿಯಲ್ಲಿ ತುಂಬಿಸಬೇಕು.

ಬಣ್ಣದ ಅಂಗಡಿಗೆ ಹೋದಾಗ ಯಾವ ಬಣ್ಣ ಒಳ್ಳೆಯದು ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಎಷ್ಟೇ ದುಬಾರಿ ಬಣ್ಣವಾದರೂ ಅದು ನಿಲ್ಲುವುದು ಅಡಿಯ ಮೈಯ ಮೇಲೆ. ಆ ಮೈ ತಯಾರಾಗಲು ನಾಲ್ಕು ದಿನ ಜಾಸ್ತಿ ಹಿಡಿದರೂ ನಷ್ಟ ಇಲ್ಲ. ಒಂದು ಕುಟುಂಬದ ಅನ್ನ ಆ ಅರ್ಧ ಮಿಲಿಮೀಟರಿನ ಆಚೆಗೆ ನೀರು ಬಾರದಿರುವುದನ್ನು ನಂಬಿಕೊಂಡು ಕಡಲಿಗೆ ಇಳಿಯುತ್ತದೆ.