ಸೇದೋರು ಕೇಳಬೇಕಾ, ಸೇದದೋರು ಹೇಳಬೇಕಾ?

1/6

ಅಪ್ಪ ಮನೆಗೆ ಬರೋದು ರಾತ್ರಿ ಹನ್ನೆರಡೂವರೆಗೆ. ಬಾಗಿಲು ತೆಗೆದರೆ ಮೊದಲು ಒಳಗೆ ಬರೋದು ಸಿಗರೇಟ್ ವಾಸನೆ, ಆಮೇಲೆ ಅಪ್ಪ. "ರೀ, ಶರ್ಟ್ ಅಲ್ಲೇ ಬಕೆಟ್‌ಗೆ ಹಾಕ್ಬಿಡಿ" ಅಂತ ಅಮ್ಮ ಮಲಗಿದ ಕಡೆಯಿಂದಲೇ ಹೇಳ್ತಾಳೆ. ದಿನಾ ಇದೇ.

ಆದರೆ ಅಪ್ಪ ಜೀವನದಲ್ಲಿ ಒಂದು ಸಿಗರೇಟ್ ಸೇದಿದವರಲ್ಲ. ಬೀಡಿನೂ ಇಲ್ಲ. ಮದುವೆ ಮನೆಯಲ್ಲಿ ಎಲೆಅಡಿಕೆ ಹಾಕಿದರೂ ಹೊಗೆಸೊಪ್ಪು ಮುಟ್ಟಲ್ಲ. ಅವರು ಒಂದು ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಸಪ್ಲೈಯರ್, ಹದಿನೇಳು ವರ್ಷದಿಂದ. ಹೋದ ತಿಂಗಳು ಕೆಮ್ಮು ಬಿಡದೆ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಸೇದ್ತೀರಾ?" ಅಪ್ಪ ನಕ್ಕುಬಿಟ್ಟರು. "ನಾನು ಸೇದಲ್ಲ ಸರ್. ತಂದ್ಕೊಡ್ತೀನಿ ಅಷ್ಟೇ."

ಮೊದಲ ಫೋಟೋದಲ್ಲಿರೋ ಬೋರ್ಡ್ ಅಪ್ಪ ಕೆಲಸ ಮಾಡೋ ಜಾಗದ್ದು. ಹೋಟೆಲ್ ಹೆಸರು ಕಾಣದ ಹಾಗೆ ಕ್ರಾಪ್ ಮಾಡಿದ್ದೀನಿ. ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಮಾಡುವುದು ಅಪರಾಧ ಅಂತಿದೆ. ಕೆಳಗೆ ದೂರು ಯಾರಿಗೆ ಕೊಡಬೇಕು ಅನ್ನೋದಕ್ಕೆ ಒಂದು ಗೆರೆ ಬಿಟ್ಟಿದ್ದಾರೆ. ಆ ಗೆರೆ ಖಾಲಿ.

ಪ್ರತಿ ಸಲ ಹಳೇ ನೋಟು, ಹಳೇ ಅಂಗಡಿ, ಹಳೇ ಬಿಲ್ಲುಗಳ ಬಗ್ಗೆ ಬರೀತಿದ್ದೆ. ಈ ಸಲ ಈ ಖಾಲಿ ಗೆರೆಯ ಇತಿಹಾಸ. ಒಳಗೆ ಕೂತು ಸೇದೋದು ಸರಿಯೋ ತಪ್ಪೋ ಅನ್ನೋ ಜಗಳ ನಮ್ಮ ದೇಶದಲ್ಲಿ ನೂರ ಮೂವತ್ತು ವರ್ಷಕ್ಕಿಂತ ಹಳೇದು. ಓದ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು, ಜಗಳ ಹೊಗೆದಲ್ಲ, ಬಾಯಿ ತೆಗೀಬೇಕಾದವರು ಯಾರು ಅನ್ನೋದು.

2/6

ಶುರು ರೈಲಿನಿಂದ. 1890ರ ಇಂಡಿಯನ್ ರೈಲ್ವೇಸ್ ಆಕ್ಟ್, ಸೆಕ್ಷನ್ 110. ಸೇದೋಕೆ ಅಂತಲೇ ಮೀಸಲಿಟ್ಟ ಡಬ್ಬಿ ಬಿಟ್ಟು ಬೇರೆ ಕಡೆ ಜೊತೆ ಪ್ರಯಾಣಿಕರ ಒಪ್ಪಿಗೆ ಇಲ್ಲದೆ ಸೇದಿದರೆ 20 ರೂಪಾಯಿವರೆಗೆ ದಂಡ. ಎಚ್ಚರಿಕೆ ಕೊಟ್ಟ ಮೇಲೂ ಸೇದಿದರೆ ರೈಲ್ವೆ ನೌಕರರು ಅವನನ್ನ ಗಾಡಿಯಿಂದ ಇಳಿಸಬಹುದಿತ್ತು. 1890ರ 20 ರೂಪಾಯಿ ಅಂದ್ರೆ ಎಷ್ಟು ದೊಡ್ಡ ಮೊತ್ತ ಅಂತ ಒಂದು ಸಲ ಯೋಚಿಸಿ.

ಇಲ್ಲಿ ಗಮನಿಸಬೇಕಾದ ಪದ 'ಒಪ್ಪಿಗೆ'. ಕಾಗದದ ಮೇಲಾದರೂ ಕೇಳಬೇಕಾದವನು ಸೇದೋನು.

ಈಗ 99 ವರ್ಷ ಮುಂದಕ್ಕೆ ಬನ್ನಿ. 1989ರ ಹೊಸ ರೈಲ್ವೆ ಕಾಯ್ದೆ, ಸೆಕ್ಷನ್ 167. ಅದೇ ಡಬ್ಬಿಯಲ್ಲಿರೋ ಇನ್ನೊಬ್ಬ ಪ್ರಯಾಣಿಕ ಆಕ್ಷೇಪ ಮಾಡಿದರೆ ಸೇದಬಾರದು, ದಂಡ 100 ರೂಪಾಯಿವರೆಗೆ. ಇಡೀ ರೈಲಿನಲ್ಲೇ ನಿಷೇಧ ಮಾಡೋ ಅಧಿಕಾರ ರೈಲ್ವೆಗೆ ಇತ್ತು, ಅದು ಬೇರೆ ಮಾತು. ಆದರೆ ಪದ ಬದಲಾಯ್ತು ನೋಡಿ. 'ಒಪ್ಪಿಗೆ' ಹೋಗಿ 'ಆಕ್ಷೇಪ' ಬಂತು. ನಾನು ಇದನ್ನ ಮೂರು ಸಲ ಓದಿದೆ. ಕೇಳಬೇಕಾದವನು ಆರಾಮಾಗಿ ಕೂತ, ಹೇಳಬೇಕಾದ ಕೆಲಸ ಸೇದದೋರ ತಲೆಗೆ ಬಂತು.

ಜನರಲ್ ಬೋಗಿಯಲ್ಲಿ ಮಗು ಮಡಿಲಲ್ಲಿ ಇಟ್ಕೊಂಡು ಕೂತಿರೋ ಹೆಂಗಸು, ಎದುರು ಕೂತ ನಾಲ್ಕು ಜನ ಗಂಡಸರಿಗೆ "ಆರಿಸ್ರಿ" ಅಂತ ಹೇಳ್ತಾಳಾ? ಅಜ್ಜಿಯನ್ನ ಕೇಳಿದೆ. "ಕಿಟಕಿ ಕಡೆ ಮುಖ ಮಾಡ್ಕೊಂಡು ಸೆರಗು ಮುಚ್ಕೋತಿದ್ವಿ" ಅಂದರು.

ಸಿನಿಮಾ ಮಂದಿರದ ಕಥೆ ಬೇರೆ. ನಮ್ಮದು ಇನ್ನೂ ಮೈಸೂರು ರಾಜ್ಯ ಆಗಿದ್ದಾಗಲೇ, 1963ರಲ್ಲಿ, ಪ್ರದರ್ಶನ ಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳಲ್ಲಿ ಧೂಮಪಾನ ನಿಷೇಧಕ್ಕೆ ಅಂತಲೇ ಒಂದು ಕಾಯ್ದೆ ಬಂತು. ಅಲ್ಲಿ ಪಕ್ಕದವರ ಒಪ್ಪಿಗೆಯ ಪ್ರಶ್ನೆ ಇಲ್ಲ, ನಿಷೇಧ ಅಂದ್ರೆ ನಿಷೇಧ. ಇಷ್ಟು ಹಳೇ ಕಾಯ್ದೆ ನಮ್ಮಲ್ಲಿತ್ತು ಅಂತ ನನಗೂ ಗೊತ್ತಿರಲಿಲ್ಲ.

3/6

ಅಲ್ಲಿವರೆಗೂ ಹೊಗೆ ಅಂದ್ರೆ ಕಿರಿಕಿರಿ, ವಾಸನೆ, ಕಣ್ಣುರಿ, ಅಷ್ಟೇ ಅಂತ ಜನ ಅಂದ್ಕೊಂಡಿದ್ದರು. ಪಕ್ಕದಲ್ಲಿ ಕೂತವರಿಗೂ ರೋಗ ಬರುತ್ತೆ ಅನ್ನೋದಕ್ಕೆ ಲೆಕ್ಕ ಸಿಕ್ಕಿದ್ದು ಜಪಾನಿನಲ್ಲಿ.

ತಕೇಶಿ ಹಿರಾಯಾಮ ಅನ್ನೋ ವೈದ್ಯರು 1966ರಿಂದ 14 ವರ್ಷ, ತಾವು ಸೇದದ 91,540 ಗೃಹಿಣಿಯರ ಲೆಕ್ಕ ಇಟ್ಟರು. ಅವರ ಗಂಡಂದಿರು ಸೇದ್ತಾರಾ, ಎಷ್ಟು ಸೇದ್ತಾರೆ ಅನ್ನೋದೂ ಬರೆದಿಟ್ಟಿದ್ದರು. 1981ರ ಜನವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಗಂಡ ಜಾಸ್ತಿ ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರೋ ಸಾಧ್ಯತೆ ಜಾಸ್ತಿ. ಆ ಹೆಂಗಸರು ಏನೂ ಮಾಡಿರಲಿಲ್ಲ, ಒಂದೇ ಮನೇಲಿ ಇದ್ದರು. ಅಮೆರಿಕದ ತಂಬಾಕು ಉದ್ಯಮ ಸುಮ್ಮನೆ ಕೂರಲಿಲ್ಲ, ಈ ಲೆಕ್ಕವೇ ತಪ್ಪು ಅಂತ ಪ್ರಚಾರ ಮಾಡಿತು. ಆಮೇಲೆ ಬೇರೆ ಬೇರೆ ದೇಶಗಳ ಅಧ್ಯಯನಗಳು ಹಿರಾಯಾಮ ಹೇಳಿದ ಕಡೆಗೇ ಬಂದವು.

ಮನೆಯಿಂದ ಈ ಪ್ರಶ್ನೆ ಕೆಲಸದ ಜಾಗಕ್ಕೆ ಬಂತು. 1991ರಲ್ಲಿ ಅಮೆರಿಕದ ವಿಮಾನ ಪರಿಚಾರಕಿಯರು ತಂಬಾಕು ಕಂಪನಿಗಳ ಮೇಲೆ ಕೇಸ್ ಹಾಕಿದರು. ನಾವು ಸೇದೋರಲ್ಲ, ಹೊಗೆ ತುಂಬಿದ ಕ್ಯಾಬಿನ್‌ನಲ್ಲಿ ಟ್ರೇ ಹಿಡ್ಕೊಂಡು ಓಡಾಡಿದ್ದಕ್ಕೆ ಕಾಯಿಲೆ ಬಂತು ಅನ್ನೋದು ಅವರ ವಾದ. 1997ರಲ್ಲಿ 30 ಕೋಟಿ ಡಾಲರಿಗೆ ರಾಜಿ ಆಯ್ತು. ಅದು ಹೋಗಿದ್ದು ಸಂಶೋಧನೆಯ ಪ್ರತಿಷ್ಠಾನಕ್ಕೆ. 2004ರ ಮಾರ್ಚ್ 29ರಂದು ಐರ್ಲೆಂಡ್ ತನ್ನ ಪಬ್‌ಗಳಲ್ಲಿ ಸಿಗರೇಟ್ ನಿಲ್ಲಿಸಿದಾಗಲೂ ಅದು ಕೆಲಸದ ಜಾಗದ ಕಾನೂನು. ಕುಡಿಯೋಕೆ ಬಂದವರಿಗಿಂತ ಮೊದಲು ಗ್ಲಾಸ್ ತೊಳೆಯೋರ ಲೆಕ್ಕ.

ಟ್ರೇ ಅಂತ ಓದಿದಾಗ ನನಗೆ ಯಾರ ನೆನಪು ಬಂತು ಅಂತ ಹೇಳಬೇಕಾಗಿಲ್ಲ.

ನಮ್ಮ ಬಿಸಿನೆಸ್ ಎಕನಾಮಿಕ್ಸ್ ಪೇಪರಲ್ಲಿ 'ಬಾಹ್ಯ ವೆಚ್ಚ' ಅಂತ ಒಂದು ಪಾಠ ಇದೆ. ಕೊಳ್ಳೋನು, ಮಾರೋನು ಇಬ್ಬರೂ ಕೊಡದ ಖರ್ಚನ್ನ ಮೂರನೆಯವನು ಕೊಡೋದು. ಪುಸ್ತಕದಲ್ಲಿ ಉದಾಹರಣೆ ಕಾರ್ಖಾನೆ ಮತ್ತು ನದಿ. ಐದು ಮಾರ್ಕಿಗೆ ನಾನೂ ಅದನ್ನೇ ಬರೆದಿದ್ದೆ.

4/6

ಈಗ ವಾಪಸ್ ಇಲ್ಲಿಗೆ, ಪಕ್ಕದ ಕೇರಳಕ್ಕೆ.

1999ರ ಜುಲೈ 12. ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಸಂವಿಧಾನದ 21ನೇ ವಿಧಿ, ಅಂದ್ರೆ ಬದುಕುವ ಹಕ್ಕಿನಲ್ಲಿ ಬೇರೆಯವರ ಹೊಗೆ ಕುಡಿಯದೆ ಇರೋ ಹಕ್ಕೂ ಸೇರಿದೆ ಅಂದಿತು. ದಂಡ ಹಾಕೋಕೆ ಹೊಸ ಕಾಯ್ದೆಗೂ ಕಾಯಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಸೆಕ್ಷನ್ 278 ಅಂತ ಒಂದಿತ್ತು. ಗಾಳಿಯನ್ನ ಜನರ ಆರೋಗ್ಯಕ್ಕೆ ಕೆಡುಕಾಗೋ ಹಾಗೆ ಹಾಳು ಮಾಡಿದರೆ 500 ರೂಪಾಯಿವರೆಗೆ ದಂಡ. ನೂರ ಮೂವತ್ತೊಂಬತ್ತು ವರ್ಷದಿಂದ ಪುಸ್ತಕದಲ್ಲಿ ಇದ್ದ ಸಾಲನ್ನ ಸಿಗರೇಟಿಗೆ ಹಚ್ಚಿ, ಕೇಸ್ ಹಾಕಿ ಅಂತ ಕೋರ್ಟ್ ಪೊಲೀಸರಿಗೆ ಹೇಳಿತು.

ದೆಹಲಿ 1996ರಲ್ಲೇ ತನ್ನದೇ ಕಾಯ್ದೆ ಮಾಡ್ಕೊಂಡಿತ್ತು. ಇಡೀ ದೇಶಕ್ಕೆ ಬಂದಿದ್ದು ಮುಂಬೈನ ರಾಜಕಾರಣಿ ಮುರಳಿ ದೇವೋರಾ ಸುಪ್ರೀಂ ಕೋರ್ಟಿಗೆ ಹೋದ ಮೇಲೆ. 2001ರ ನವೆಂಬರ್ 2ರ ಆದೇಶದಲ್ಲಿ ಒಂದು ಪಟ್ಟಿ ಇದೆ: ಸಭಾಂಗಣ, ಆಸ್ಪತ್ರೆ, ಶಾಲಾ ಕಾಲೇಜು, ಗ್ರಂಥಾಲಯ, ಕೋರ್ಟ್ ಕಟ್ಟಡ, ಸರ್ಕಾರಿ ಕಚೇರಿ, ಬಸ್ಸು, ರೈಲು. ಇಲ್ಲೆಲ್ಲ ನಿಷೇಧ.

ಆ ಪಟ್ಟಿಯನ್ನ ಮೇಲಿಂದ ಕೆಳಗೆ ಇನ್ನೊಂದು ಸಲ ಓದಿ. ಹೋಟೆಲ್ ಇಲ್ಲ. ಬಾರ್ ಇಲ್ಲ. ಬೇರೆಯವರ ಹೊಗೆ ಕೆಟ್ಟದ್ದು ಅಂತ ದೇಶದ ಅತಿ ದೊಡ್ಡ ಕೋರ್ಟ್ ಒಪ್ಕೊಂಡ ದಿನವೂ, ಅತಿ ಹೆಚ್ಚು ಹೊಗೆ ಇರೋ ಜಾಗದಲ್ಲಿ ಕೆಲಸ ಮಾಡೋರು ಪಟ್ಟಿಯಿಂದ ಹೊರಗೆ.

5/6

2003ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಎಲ್ಲರೂ ಕೋಟ್ಪಾ ಅಂತ ಕರೆಯೋದು. ನಿಜವಾದ ಗಲಾಟೆ ಆಗಿದ್ದು 2008ರಲ್ಲಿ. ಆಗ ಕೇಂದ್ರದ ಆರೋಗ್ಯ ಸಚಿವರು ಅನ್ಬುಮಣಿ ರಾಮದಾಸ್. ಹೊಸ ನಿಯಮಗಳಲ್ಲಿ ಕೆಲಸದ ಸ್ಥಳ, ಮಾಲ್, ಸಿನಿಮಾ ಮಂದಿರ, ಕ್ಯಾಂಟೀನ್, ಕಾಫಿ ಹೌಸ್, ಪಬ್, ಬಾರ್ ಎಲ್ಲದರ ಹೆಸರೂ ಬಂತು. ಐಟಿಸಿ ಮತ್ತು ಹೋಟೆಲ್ ಮಾಲೀಕರ ಸಂಘ ತಡೆ ಕೊಡಿ ಅಂತ ಕೋರ್ಟಿಗೆ ಹೋದರು. ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ತಡೆ ಕೊಡಲ್ಲ ಅಂದಿತು. ಅಕ್ಟೋಬರ್ 2, ಗಾಂಧಿ ಜಯಂತಿ ದಿನ ಜಾರಿ. ದಂಡ 200 ರೂಪಾಯಿವರೆಗೆ. ನನಗಾಗ ಮೂರೋ ನಾಲ್ಕೋ ವರ್ಷ.

ವಿರೋಧ ಮಾಡಿದವರ ಮಾತನ್ನ ನಾನು ಸುಮ್ಮನೆ ತಳ್ಳಿಹಾಕಲ್ಲ. ಬೀಡಿ ಕಟ್ಟೋ ದಕ್ಷಿಣ ಕನ್ನಡದ ಹೆಂಗಸರು, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರು, ಇವರ ಅನ್ನ ಇದರಲ್ಲಿದೆ. ಆದರೂ ಒಳಗೆ ಸೇದಬೇಡಿ ಅಂದ್ರೆ ಬೆಳೀಬೇಡಿ ಅಂತ ಅರ್ಥ ಅಲ್ಲ. ಇನ್ನೊಂದು ಮಾತು ನನಗೆ ಜಾಸ್ತಿ ಚುಚ್ಚಿದ್ದು. ಮೂವತ್ತು ಸೀಟಿಗಿಂತ ಕಮ್ಮಿ ಇಲ್ಲದ ರೆಸ್ಟೋರೆಂಟ್, ಮೂವತ್ತು ರೂಮಿನ ಹೋಟೆಲ್, ವಿಮಾನ ನಿಲ್ದಾಣ ಇವುಗಳಿಗೆ ಮಾತ್ರ ಬೇರೆ ಸ್ಮೋಕಿಂಗ್ ರೂಮ್ ಮಾಡೋಕೆ ಅವಕಾಶ. ದುಡ್ಡಿರೋರಿಗೆ ಎಸಿ ಪಕ್ಕದಲ್ಲಿ ಗಾಜಿನ ರೂಮು, ಬಸ್ ಸ್ಟ್ಯಾಂಡಲ್ಲಿ ಬೀಡಿ ಹಚ್ಚಿದ ಹಮಾಲಿಗೆ ರಸೀದಿ. ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ.

ಮಾಲೀಕರ ವಾದ ಇನ್ನೂ ಸರಳ: ಇಷ್ಟ ಇಲ್ಲದೋರು ಬೇರೆ ಹೋಟೆಲಿಗೆ ಹೋಗಲಿ. ಗಿರಾಕಿಗೆ ಈ ಮಾತು ಸರಿ. ಸಪ್ಲೈಯರ್ ಎಲ್ಲಿಗೆ ಹೋಗ್ತಾನೆ?

ಆ ಸ್ಮೋಕಿಂಗ್ ರೂಮಿಗೂ ನಿಯಮದಲ್ಲಿ ಅಳತೆ ಇದೆ. ನಾಲ್ಕೂ ಕಡೆ ಪೂರ್ತಿ ಗೋಡೆ, ತಾನಾಗೇ ಮುಚ್ಚಿಕೊಳ್ಳೋ ಬಾಗಿಲು, ಹೊಗೆ ನೇರ ಹೊರಗೆ ಹೋಗಬೇಕು, ಕಟ್ಟಡದ ಗಾಳಿಗೆ ಸೇರಬಾರದು. ಎಲ್ಲಕ್ಕಿಂತ ಮುಖ್ಯ, ಆ ರೂಮನ್ನ ಸೇದೋಕೆ ಮಾತ್ರ ಬಳಸಬೇಕು. ಬೇರೆ ಯಾವ ಸರ್ವಿಸ್ಸೂ ಅಲ್ಲಿ ಇರಕೂಡದು. ಊಟ ಇಲ್ಲ, ಡ್ರಿಂಕ್ಸ್ ಇಲ್ಲ.

6/6

ಹೋದ ಭಾನುವಾರ ಅಪ್ಪನಿಗೆ ಟಿಫನ್ ಕೊಡೋ ನೆಪದಲ್ಲಿ ಅಲ್ಲಿಗೆ ಹೋಗಿ ಆ ರೂಮ್ ನೋಡಿದೆ. ಆರು ಟೇಬಲ್. ಬಾಗಿಲಿಗೆ ತಾನಾಗೇ ಮುಚ್ಚಿಕೊಳ್ಳೋ ಸ್ಪ್ರಿಂಗ್ ಇದೆ, ಸುಳ್ಳು ಹೇಳಬಾರದು. ಆದರೆ ಅದು ಮುಚ್ಚದ ಹಾಗೆ ಒಂದು ಬಿಯರ್ ಕ್ರೇಟ್ ಅಡ್ಡ ಇಟ್ಟಿದ್ದಾರೆ. ಎರಡೂ ಕೈಯಲ್ಲಿ ಟ್ರೇ ಇರುವಾಗ ಬಾಗಿಲು ತಳ್ಳೋಕೆ ಆಗಲ್ವಲ್ಲ, ಅದಕ್ಕೆ. ಕ್ರೇಟ್ ಇಟ್ಟಿದ್ದು ಯಾರು ಅಂತ ಕೇಳಿದೆ. "ನಾನೇ" ಅಂದರು ಅಪ್ಪ.

ಮನೆಗೆ ಬಂದ ಮೇಲೆ ಫೋನಿನಲ್ಲಿ ನಿಯಮ ತೆಗೆದು ಓದಿ ಹೇಳಿದೆ. ಪೂರ್ತಿ ಕೇಳಿದರು.

"ಹಂಗಾದ್ರೆ ಆ ರೂಮಿನ ಟೇಬಲ್ ಯಾರು ನೋಡ್ಕೋಬೇಕು?"

"ಯಾರೂ ನೋಡ್ಕೋಬಾರದು ಅಪ್ಪ. ಟೇಬಲ್ಲೇ ಇರಬಾರದು."

"ನೀನು ಕಾಲೇಜಿಗೆ ಹೋಗೋಳು, ನಿಂಗೆ ಗೊತ್ತಾಗಲ್ಲ" ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಗೊತ್ತಾಗೋ ವಿಷಯ ಅದು. ಟಿಪ್ಸ್ ಚೆನ್ನಾಗಿ ಬರೋದು ಆ ರೂಮಿನಿಂದ. ನನ್ನ ಈ ವರ್ಷದ ಫೀಸ್ ಕಟ್ಟಿದ್ದು ಆ ಟಿಪ್ಸ್‌ನಲ್ಲಿ.

ಕರ್ನಾಟಕ ಈಗ ಕೋಟ್ಪಾಕ್ಕೆ ತಿದ್ದುಪಡಿ ತಂದು ದಂಡವನ್ನ 200ರಿಂದ 1000 ರೂಪಾಯಿಗೆ ಏರಿಸಿದೆ. ಸಿಗರೇಟ್ ಕೊಳ್ಳೋಕೆ 21 ವರ್ಷ ಆಗಿರಬೇಕು, ಹುಕ್ಕಾ ಬಾರ್ ಪೂರ್ತಿ ಬಂದ್. ರಾಷ್ಟ್ರಪತಿಗಳ ಒಪ್ಪಿಗೆ ಬಂದಿದ್ದು 2025ರ ಮೇ ತಿಂಗಳಲ್ಲಿ. ನಾನಿನ್ನೂ ಇಪ್ಪತ್ತು, ಅಂಗಡಿಯಲ್ಲಿ ನನಗೆ ಸಿಗರೇಟ್ ಮಾರೋ ಹಾಗಿಲ್ಲ. ಅಪ್ಪನ ಶರ್ಟ್ ನೆನೆಸೋದು ಮಾತ್ರ ದಿನಾ ನನ್ನ ಕೆಲಸ.

2008ರ ನಿಯಮದ ಪ್ರಕಾರ ದೂರು ತಗೊಳ್ಳೋರ ಹೆಸರನ್ನ ಮಾಲೀಕರು ಕಾಣೋ ಹಾಗೆ ಹಾಕಲೇಬೇಕು. ದೂರು ಬಂದ ಮೇಲೂ ಸುಮ್ಮನಿದ್ದರೆ ದಂಡ ಅವರ ಮೇಲೆ. 1890ರಲ್ಲಿ ಕೇಳು ಅಂದಿದ್ದು ಸೇದೋನಿಗೆ, 1989ರಲ್ಲಿ ಹೇಳು ಅಂದಿದ್ದು ಪಕ್ಕದವನಿಗೆ, ಈಗ ಜವಾಬ್ದಾರಿ ಮಾಲೀಕನದ್ದು. ಕಾಗದದಲ್ಲಿ ಇಷ್ಟು ದೂರ ಬಂದಿದ್ದೀವಿ. ಆದರೆ ದೂರು ಬರೆಯೋ ಕೈ ಇನ್ನೂ ಸೇದದೋರದ್ದೇ, ಮತ್ತು ಆ ಕೈಗೆ ಸಂಬಳ ಕೊಡೋದು ಮಾಲೀಕ.

ಡಾಕ್ಟರ್ ಹೇಳಿದ ಮೇಲೆ ಅಪ್ಪ ಒಂದು ಸಲ ಬಾಯಿ ತೆಗೆದಿದ್ದಾರೆ. ಫ್ಯಾಮಿಲಿ ಸೆಕ್ಷನ್‌ಗೆ ಹಾಕಿ ಅಂತ ಕೇಳಿದ್ದಾರೆ. "ಅಲ್ಲಿ ಟಿಪ್ಸ್ ಬರಲ್ಲ, ನಿಂಗೇ ನಷ್ಟ, ಯೋಚನೆ ಮಾಡು" ಅಂತ ಉತ್ತರ ಬಂತಂತೆ. ಒಂದನೇ ತಾರೀಕಿನವರೆಗೆ ಟೈಮ್ ಕೊಟ್ಟಿದ್ದಾರೆ. ಅಮ್ಮ ಹೋಗಿ ಅಂತಿದ್ದಾಳೆ. ಅಪ್ಪ ನನ್ನ ಮುಂದಿನ ಸೆಮಿಸ್ಟರ್ ಫೀಸ್ ಎಷ್ಟು ಅಂತ ಕೇಳಿದರು, ನಾನು ಕಮ್ಮಿ ಮಾಡಿ ಹೇಳಿದೆ.

ಇದನ್ನ ಹಾಕೋಕೆ ಮುಂಚೆ ಪೂರ್ತಿ ಅವರಿಗೆ ಓದಿಸಿದ್ದೀನಿ. ಎರಡು ಕಡೆ ಊರಿನ ಹೆಸರು ಇತ್ತು, ತೆಗೆಸಿದರು. ಕ್ರೇಟ್ ವಿಷಯ ಇರಲಿ ಅಂದರು.

#ಇತಿಹಾಸ #ಹೊಗೆ #ಅಪ್ಪ #ಕನ್ನಡದಲ್ಲಿ_ಓದಿ