ಐದು ಮಿಲಿಮೀಟರ್ ಸಂದು: ಟರ್ಬೊ ಎಂಜಿನ್ನಿನ ಗಂಟಲಿನ ಕಥೆ

1995ರ ಅಕ್ಟೋಬರ್‌ನಲ್ಲಿ ಸ್ಪೇನಿನ ಕ್ಯಾಟಲೂನ್ಯಾದಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಒಂದು ಸುತ್ತು ನಡೆಯಿತು. ಅಲ್ಲಿ ಟೊಯೊಟಾ ತಂಡದ ಸೆಲಿಕಾ ಕಾರನ್ನು ಬಿಚ್ಚಿ ನೋಡಿದ ತಪಾಸಕರಿಗೆ ಸಿಕ್ಕಿದ್ದು ಒಂದು ಸಂದು. ಎಂಜಿನ್ನಿಗೆ ಗಾಳಿ ತರುವ ಕೊಳವೆಯ ಒಳಗೆ, ಹೊರಗಿನಿಂದ ಯಾರ ಕಣ್ಣಿಗೂ ಬೀಳದ ಹಾಗೆ ಅಡಗಿದ್ದ ಸಂದು. ಅದರ ಅಗಲ ಸುಮಾರು 5 ಮಿಲಿಮೀಟರ್. ಅಷ್ಟಕ್ಕೇ ಜಗತ್ತಿನ ದೊಡ್ಡ ಕಾರು ಕಂಪನಿಯೊಂದರ ತಂಡ ಹನ್ನೆರಡು ತಿಂಗಳು ಸ್ಪರ್ಧೆಯಿಂದ ಹೊರಗೆ ನಿಲ್ಲಬೇಕಾಯಿತು.

ಒಂದು ಕೊಳವೆಯ ಅಗಲದ ಬಗ್ಗೆ ಇಷ್ಟೊಂದು ರಂಪ ಏಕೆ? ಇವತ್ತು ಟರ್ಬೊ ಕಾರು ಕೊಂಡ ಎಷ್ಟೋ ಉತ್ಸಾಹಿಗಳು ಮಾಡುವ ಮೊದಲ ಬದಲಾವಣೆಯೂ ಇದೇ. ಕಂಪನಿ ಕೊಟ್ಟ ಸಣ್ಣ ಗಾಳಿಕೊಳವೆಯನ್ನು ತೆಗೆದು ಅಂಗಡಿಯಿಂದ ತಂದ ದೊಡ್ಡದನ್ನು ಕೂರಿಸುತ್ತಾರೆ. ಕೆಲಸ ಒಂದು ಮಧ್ಯಾಹ್ನದ್ದು. ಆದರೆ ಆ ಕೊಳವೆಯ ಹಿಂದೆ ತೊಂಬತ್ತು ವರ್ಷಗಳಿಗೂ ಉದ್ದದ ಚರಿತ್ರೆಯಿದೆ. ಗಾಳಿಕೊಳವೆ ಬರೀ ದಾರಿಯಲ್ಲ, ಅದು ಅಳತೆಯೂ ಹೌದು ಎಂಬುದನ್ನು ಆ ಚರಿತ್ರೆ ಮತ್ತೆ ಮತ್ತೆ ಹೇಳುತ್ತದೆ.

ಮೊದಲು ಎಂಜಿನ್ನಿನ ಹಸಿವಿನ ವಿಷಯ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಹದಿನಾಲ್ಕೂವರೆ ಕಿಲೋಗೂ ಹೆಚ್ಚು ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಸಾಧಾರಣ ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ನಮ್ಮೆಲ್ಲರ ತಲೆಯ ಮೇಲಿರುವ ವಾತಾವರಣದ ಒತ್ತಡ. ಅದು ಕೊಟ್ಟಷ್ಟನ್ನು ಪಡೆದು ಎಂಜಿನ್ ಸುಮ್ಮನಿರಬೇಕು.

ಇದಕ್ಕೊಂದು ಉಪಾಯ ಹುಡುಕಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವನು ಪೇಟೆಂಟ್ ಕೋರಿದ ಕಲ್ಪನೆ ಸರಳವಾದದ್ದು. ಇಂಧನದ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೊಗೆಕೊಳವೆಯಲ್ಲಿ ಹೊರಟುಹೋಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಕಂಬಿಯ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಒಳಗೆ ತಳ್ಳಿದರೆ? ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕುಲುಮೆಗೆ ತಿದಿ ಬೇಕು, ತಿದಿ ಒತ್ತಲು ಒಬ್ಬ ಆಳು ಬೇಕು. ಬ್ಯೂಖಿಯ ತಿದಿಯನ್ನು ಕುಲುಮೆಯ ಹೊಗೆಯೇ ಒತ್ತುತ್ತದೆ.

ಕಲ್ಪನೆ ಕೈಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದ ನಡುವಿನಲ್ಲಿ ‘ಪ್ರಾಯ್ಸೆನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳಿಗೆ ಅವನ ವಿಧಾನವನ್ನು ಅಳವಡಿಸಿದರು. 1,750 ಎಚ್‌ಪಿಯ ಎಂಜಿನ್ 2,500 ಎಚ್‌ಪಿ ಕೊಟ್ಟಿತು. ಅಷ್ಟರೊಳಗೆ ವಿಮಾನದ ಎಂಜಿನ್ನುಗಳು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿದ್ದವು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಏದುಸಿರು ಬರುತ್ತದೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ, ಸಾಗಿಸಿ ಪರೀಕ್ಷಿಸಿದ. ತಗ್ಗಿನ ಊರಿನಲ್ಲಿ ಸುಮಾರು 350 ಎಚ್‌ಪಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ರ ಆಸುಪಾಸಿಗೆ ಕುಸಿಯಿತು. ಟರ್ಬೊ ಜೋಡಿಸಿದ ಮೇಲೆ ಮತ್ತೆ 350 ಮುಟ್ಟಿತು. ಈ ಘಟ್ಟದಲ್ಲಿ ಎಂಜಿನ್ನಿನ ಉಸಿರಿಗೆ ಮಿತಿ ಹಾಕಿದ್ದು ನಿಸರ್ಗ. ಮನುಷ್ಯ ಅದನ್ನು ಮೀರಲು ಹೊರಟಿದ್ದ.

ಟರ್ಬೊ ಕಾರಿಗೆ ಬಂದದ್ದು 1962ರಲ್ಲಿ, ಜನರಲ್ ಮೋಟರ್ಸ್‌ನ ಎರಡು ಕಾರುಗಳ ಮೂಲಕ: ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮೊಂಜಾ ಸ್ಪೈಡರ್. ಜೆಟ್‌ಫೈರ್‌ನ ಮೂರೂವರೆ ಲೀಟರ್ ಎಂಜಿನ್ 215 ಎಚ್‌ಪಿ ಕೊಡುತ್ತಿತ್ತು. ಆದರೆ ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿಗೆ ಏಟು ಕೊಡುತ್ತದೆ. ಅದನ್ನು ತಣಿಸಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಮಾಲೀಕರು ಆಗಾಗ ತುಂಬಬೇಕಿತ್ತು. ಎಷ್ಟೋ ಜನ ತುಂಬಲಿಲ್ಲ. ಎರಡೇ ವರ್ಷಕ್ಕೆ ಆ ಕಾರಿನ ತಯಾರಿಕೆ ನಿಂತಿತು. ಹೆಚ್ಚು ಗಾಳಿ ಕೊಟ್ಟರೆ ಸಾಲದು, ಬಂದ ಗಾಳಿಯ ಲೆಕ್ಕವನ್ನು ಯಾರಾದರೂ ಇಡಬೇಕು ಎಂಬುದು ಅಲ್ಲಿ ಕಲಿತ ಪಾಠ.

ರೇಸಿನ ಲೋಕಕ್ಕೆ ಈ ಪಾಠ ತಡವಾಗಿ ತಲುಪಿತು. 1977ರಲ್ಲಿ ರೆನೊ ಕಂಪನಿ ಫಾರ್ಮುಲಾ ಒನ್‌ಗೆ ಒಂದೂವರೆ ಲೀಟರಿನ ಟರ್ಬೊ ಕಾರು ತಂದಾಗ ಉಳಿದವರ ಬಳಿ ಮೂರು ಲೀಟರಿನ ಎಂಜಿನ್ನುಗಳಿದ್ದವು. ಪದೇ ಪದೇ ಹೊಗೆಯುಗುಳಿ ನಿಲ್ಲುತ್ತಿದ್ದ ಆ ಹಳದಿ ಕಾರನ್ನು ‘ಟೀಪಾಟ್’ ಎಂದು ಹಾಸ್ಯ ಮಾಡಿದರು. 1979ರಲ್ಲಿ ಫ್ರಾನ್ಸಿನ ದಿಜೋಂನಲ್ಲಿ ಜಬೂಯ್ ಅದೇ ತಂಡಕ್ಕೆ ಮೊದಲ ಗೆಲುವು ತಂದಾಗ ನಗು ನಿಂತಿತು. ಕೆಲವೇ ವರ್ಷಗಳಲ್ಲಿ ಎಲ್ಲರೂ ಟರ್ಬೊ ಹಿಡಿದರು. ರ‍್ಯಾಲಿಯ ‘ಗ್ರೂಪ್ ಬಿ’ ವಿಭಾಗದಲ್ಲಿ ಎರಡು ಲೀಟರಿಗಿಂತ ಚಿಕ್ಕ ಎಂಜಿನ್ನುಗಳು 450 ಎಚ್‌ಪಿ ದಾಟಿದವು. ಆದರೆ ರ‍್ಯಾಲಿ ನಡೆಯುವುದು ಬೇಲಿಯಿಲ್ಲದ ಹಳ್ಳಿ ರಸ್ತೆಗಳಲ್ಲಿ. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್‌ನಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಪ್ರೇಕ್ಷಕರು ಸತ್ತರು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕಾರಿನ ಬೆಂಕಿಯಲ್ಲಿ ತೀರಿಕೊಂಡರು. ಅದರ ಬೆನ್ನಿಗೇ ಗ್ರೂಪ್ ಬಿ ಕಾರುಗಳನ್ನು ಮುಂದಿನ ವರ್ಷದಿಂದ ಕೈಬಿಡುವ ತೀರ್ಮಾನವಾಯಿತು.

ಇನ್ನು ಮೇಲೆ ಎಂಜಿನ್ನಿನ ಗಂಟಲಿಗೆ ಮಿತಿ ಹಾಕುವವರು ನಿಯಮ ಬರೆಯುವವರು. ಫಾರ್ಮುಲಾ ಒನ್ ಒತ್ತಡಕ್ಕೆ ಮಿತಿ ಹೇರಿತು. 1987ರಲ್ಲಿ 4 ಬಾರ್, 1988ರಲ್ಲಿ 2.5 ಬಾರ್. ಅದನ್ನು ಮೀರಿದರೆ ಒಂದು ಕವಾಟ ತೆರೆದು ಗಾಳಿ ಹೊರಗೆ ಹೋಗುತ್ತಿತ್ತು. ಜೊತೆಗೆ 1988ರಲ್ಲಿ ಟರ್ಬೊ ಕಾರಿಗೆ ಒಂದು ರೇಸಿಗೆ 150 ಲೀಟರ್ ಇಂಧನ ಮಾತ್ರ. 1989ರಿಂದ ಟರ್ಬೊ ಪೂರ್ತಿ ನಿಷೇಧ ಎಂಬುದೂ ಆಗಲೇ ಗೊತ್ತಿತ್ತು. ಹೀಗೆ ಎಲ್ಲ ಕಡೆ ಬಿಗಿದ ವರ್ಷದಲ್ಲಿ ಹೋಂಡಾ ಎಂಜಿನ್ನಿನ ಮೆಕ್ಲಾರೆನ್ ಕಾರು 16 ರೇಸುಗಳಲ್ಲಿ 15 ಗೆದ್ದಿತು. ಸಿಕ್ಕ ಗಾಳಿಯನ್ನು, ಸಿಕ್ಕ ಇಂಧನವನ್ನು ಚೆನ್ನಾಗಿ ಸುಡುವುದು ಹೇಗೆಂದು ಹೋಂಡಾದ ಎಂಜಿನಿಯರುಗಳು ಕಲಿತಿದ್ದರು. ಕಿರಿದಾದ ಗಂಟಲಿಗೆ ಕೊಡಬಹುದಾದ ಒಂದು ಉತ್ತರ ಇದು.

ರ‍್ಯಾಲಿ ಹಿಡಿದ ದಾರಿ ಬೇರೆ. ಅಲ್ಲಿ ಟರ್ಬೊದ ಬಾಯಿಗೇ ಒಂದು ಲೋಹದ ಬಳೆ ಕೂರಿಸಿದರು. ಅದನ್ನು ರಿಸ್ಟ್ರಿಕ್ಟರ್ ಎನ್ನುತ್ತಾರೆ. ಎಂಜಿನ್ನಿಗೆ ಹೋಗುವ ಅಷ್ಟೂ ಗಾಳಿ ಅದರ ತೂತಿನಿಂದಲೇ ಹೋಗಬೇಕು. 1995ಕ್ಕೆ ಆ ತೂತನ್ನು 38 ಮಿ.ಮೀ.ನಿಂದ 34 ಮಿ.ಮೀ.ಗೆ ಇಳಿಸಿದರು. ನಾಲ್ಕು ಮಿಲಿಮೀಟರ್ ಎಂದರೆ ಅಲ್ಪ ಅನ್ನಿಸಬಹುದು. ವಿಸ್ತೀರ್ಣದಲ್ಲಿ ಅದು ಶೇ. 20ರಷ್ಟು ಕಡಿತ. ಇದರ ಹಿಂದಿನ ಭೌತಶಾಸ್ತ್ರ ನಿಷ್ಠುರವಾದದ್ದು. ಕಿರಿದಾದ ತೂತಿನಲ್ಲಿ ಗಾಳಿಯ ವೇಗ ಏರುತ್ತಾ ಹೋಗಿ ಶಬ್ದದ ವೇಗವನ್ನು ಮುಟ್ಟಿದರೆ ಅಲ್ಲಿಂದ ಮುಂದೆ ಎಷ್ಟು ಜೋರಾಗಿ ಹೀರಿದರೂ ಒಂದು ಗುಟುಕೂ ಹೆಚ್ಚು ಬಾರದು. ಲೆಕ್ಕ ಹಾಕಿದರೆ 34 ಮಿ.ಮೀ. ತೂತಿನಿಂದ ಸೆಕೆಂಡಿಗೆ 0.2 ಕಿಲೋಗಿಂತ ತುಸು ಹೆಚ್ಚು ಗಾಳಿಯಷ್ಟೇ ಬರಲು ಸಾಧ್ಯ. ಹಿಂದಿನ ಕೊಳವೆಯನ್ನು ಎಷ್ಟೇ ಅಗಲ ಮಾಡಿ, ಟರ್ಬೊವನ್ನು ಎಷ್ಟೇ ದೊಡ್ಡದಿಡಿ, ಈ ಅಂಕಿ ಬದಲಾಗುವುದಿಲ್ಲ.

ಟೊಯೊಟಾ ತಂಡದ ಉತ್ತರ ಆ ಬಳೆಯನ್ನು ಮುಟ್ಟಲೇ ಇಲ್ಲ. ತೂತು ಸರಿಯಾಗಿ 34 ಮಿ.ಮೀ. ಇತ್ತು. ಗಾಳಿಕೊಳವೆಯನ್ನು ವಿಶೇಷ ಉಪಕರಣದಿಂದ ಬಿಗಿದಾಗ ಬಳೆ ಟರ್ಬೊದಿಂದ 5 ಮಿ.ಮೀ. ದೂರ ಸರಿದು, ಅದರ ಸುತ್ತಲಿಂದ ಗಾಳಿ ನುಗ್ಗಲು ದಾರಿಯಾಗುತ್ತಿತ್ತು. ತಪಾಸಣೆಗೆಂದು ಕೊಳವೆಯನ್ನು ಸಡಿಲಿಸಿದ ಕೂಡಲೇ ಒಳಗಿನ ಸ್ಪ್ರಿಂಗುಗಳು ಬಳೆಯನ್ನು ಅದರ ಜಾಗಕ್ಕೆ ತಳ್ಳಿ ಸಂದನ್ನು ಮುಚ್ಚುತ್ತಿದ್ದವು. ನೋಡುವವರು ಬಿಚ್ಚುವ ಕ್ರಿಯೆಯೇ ಸಾಕ್ಷ್ಯವನ್ನು ಅಳಿಸುತ್ತಿತ್ತು! ಇದರಿಂದ ಸುಮಾರು ಶೇ. 25ರಷ್ಟು ಹೆಚ್ಚು ಗಾಳಿ ಒಳಹೋಗುತ್ತಿತ್ತೆಂದು ಅಂದಾಜಿಸಲಾಯಿತು. ಆಗಿನ ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೊಸ್ಲಿ ಶಿಕ್ಷೆಯನ್ನು ಪ್ರಕಟಿಸುವಾಗಲೇ, ಇಷ್ಟು ಜಾಣತನದ ಉಪಾಯವನ್ನು ತಾನು ಮೋಟಾರು ಕ್ರೀಡೆಯಲ್ಲಿ ಕಂಡಿಲ್ಲ ಎಂಬರ್ಥದ ಮಾತಾಡಿದರು. ಚಾಲಕರಾದ ಕಾಂಕುನೆನ್, ಒರಿಯೋಲ್ ಮತ್ತು ಶ್ವಾರ್ಟ್ಸ್‌ಗೆ ವಿಷಯ ಗೊತ್ತಿತ್ತೆಂದು ಯಾರೂ ಹೇಳಲಿಲ್ಲ. ಆದರೂ ಅವರ ಆ ವರ್ಷದ ಅಂಕಗಳು ಹೋದವು.

ನಮ್ಮ ಹಳೆಯ ಸಂತೆಗಳಲ್ಲಿ ಸೇರು, ಪಾವುಗಳ ತಳಕ್ಕೆ ಮೇಣ ಮೆತ್ತುವ ವ್ಯಾಪಾರಿಯ ಬಗ್ಗೆ ಕೇಳಿದ್ದೇವೆ. ಕೊಳ್ಳುವವನ ಕಣ್ಣಿಗೆ ಪಾವು ಪಾವೇ. ಮೋಸವಿರುವುದು ಅಳತೆಯ ಒಳಗೆ. ಸೆಲಿಕಾದಲ್ಲಿ ನಡೆದದ್ದೂ ಅದೇ ಜಾತಿಯ ಮೋಸ. ಒಬ್ಬ ತಂಡದವನು ತೂತನ್ನೇ 36 ಮಿ.ಮೀ.ಗೆ ಕೊರೆದಿದ್ದರೆ ಅದು ಬರೀ ನಿಯಮ ಮುರಿದಂತೆ. ಇಲ್ಲಿ ಅಳತೆಗೋಲೇ ಸುಳ್ಳಾಡಿತು.

ಈಗ ಬೀದಿಯ ಕಾರಿಗೆ ಬರೋಣ. ಅಲ್ಲಿ ಎಫ್‌ಐಎ ಇಲ್ಲ, ಬಳೆಯೂ ಇಲ್ಲ. ಕಂಪನಿ ಗಾಳಿಕೊಳವೆಯನ್ನು ಸಣ್ಣದಾಗಿ, ಸುಕ್ಕುಸುಕ್ಕಾಗಿ ಮಾಡುವುದಕ್ಕೆ ಕಾರಣಗಳಿವೆ: ಸದ್ದು ಕಡಿಮೆಯಾಗಬೇಕು, ಇಕ್ಕಟ್ಟಿನ ಬಾನೆಟ್ಟಿನಡಿ ಹಿಡಿಸಬೇಕು, ಎಂಜಿನ್ ಅಲುಗಿದಾಗ ಬಾಗಬೇಕು, ಅಗ್ಗವಾಗಿರಬೇಕು. ದೊಡ್ಡ ನುಣುಪು ಕೊಳವೆ ಹಾಕಿದರೆ ನಿಜವಾದ ಲಾಭ ಉಂಟು. ಹಳೆಯ ಕೊಳವೆ ಮತ್ತು ಫಿಲ್ಟರ್ ಸೇರಿ ಟರ್ಬೊದ ಬಾಯಲ್ಲಿ ಒತ್ತಡವನ್ನು 100ರಿಂದ 95 ಕಿಲೋಪಾಸ್ಕಲ್‌ಗೆ ಇಳಿಸುತ್ತಿವೆ ಎಂದುಕೊಳ್ಳಿ. ಆಗ 200 ಮುಟ್ಟಲು ಟರ್ಬೊ ಗಾಳಿಯನ್ನು ಎರಡು ಪಟ್ಟಿಗಿಂತ ಹೆಚ್ಚು ಒತ್ತಬೇಕು. ಹೆಚ್ಚು ತಿರುಗಬೇಕು, ಗಾಳಿ ಹೆಚ್ಚು ಕಾಯುತ್ತದೆ. ಆ ತಡೆ ತಪ್ಪಿದರೆ ಟರ್ಬೊದ ದುಡಿಮೆ ಹಗುರವಾಗುತ್ತದೆ. ಆದರೆ ಕಿರಿದಾದ ಜಾಗ ಬೇರೆಲ್ಲೋ ಇದ್ದರೆ, ಅಂದರೆ ಟರ್ಬೊದಲ್ಲೇ, ಇಂಟರ್‌ಕೂಲರಿನಲ್ಲೇ, ಹೊಗೆಕೊಳವೆಯಲ್ಲೇ ಇದ್ದರೆ, ದೊಡ್ಡ ಕೊಳವೆ ಕೊಡುವುದು ದೊಡ್ಡ ಸದ್ದನ್ನು ಮಾತ್ರ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಅನೇಕ ಕಾರುಗಳಲ್ಲಿ ಆ ಕೊಳವೆಯ ದಾರಿಯಲ್ಲೇ ಗಾಳಿ ಅಳೆಯುವ ಸೆನ್ಸರ್ ಕೂತಿರುತ್ತದೆ. ಅದರಲ್ಲೊಂದು ಕಾದ ತೆಳುಪದರ. ಹರಿಯುವ ಗಾಳಿ ಅದನ್ನೆಷ್ಟು ತಣಿಸಿತು ಎಂಬುದರಿಂದ ಲೆಕ್ಕ ಸಿಗುತ್ತದೆ. ಸೆನ್ಸರ್ ನೋಡುವುದು ತನ್ನೆದುರು ಹಾದ ಗಾಳಿಯನ್ನಷ್ಟೇ. ಕೊಳವೆಯ ಅಗಲ ಇಷ್ಟು ಎಂದು ನಂಬಿ ಕಂಪ್ಯೂಟರ್ ಉಳಿದುದನ್ನು ಗುಣಿಸಿಕೊಳ್ಳುತ್ತದೆ. ಸೆನ್ಸರ್ ಇರುವ ಭಾಗವನ್ನು 70ರಿಂದ 76 ಮಿ.ಮೀ.ಗೆ ಹಿಗ್ಗಿಸಿದರೆ ಅಷ್ಟೇ ಗಾಳಿ ಶೇ. 15ರಷ್ಟು ನಿಧಾನವಾಗಿ ಹರಿಯುತ್ತದೆ. ಗಾಳಿಯೇ ಕಡಿಮೆ ಬಂತೆಂದು ಎಂಜಿನ್ ತಿಳಿಯುತ್ತದೆ, ಪೆಟ್ರೋಲನ್ನೂ ಕಡಿಮೆ ಸುರಿಯುತ್ತದೆ. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಸ್ವಲ್ಪಮಟ್ಟಿಗೆ ಇದನ್ನು ತಿದ್ದಬಹುದು. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಆ ತಿದ್ದುಪಡಿಯನ್ನು ನಂಬುವ ಹಾಗಿಲ್ಲ. ಪೆಟ್ರೋಲ್ ಸಾಲದೆ ಬೆಂಕಿ ಕಾಯುತ್ತದೆ, ಹೊತ್ತಿಗೆ ಮೊದಲೇ ಸಿಡಿಯುತ್ತದೆ, ಪಿಸ್ಟನ್ ಬಲಿಯಾಗುತ್ತದೆ. ಜೆಟ್‌ಫೈರ್ ಮಾಲೀಕರ ಕಥೆಯೇ ಹೊಸ ವೇಷದಲ್ಲಿ ಬಂತು. ಟೊಯೊಟಾ ತಂಡ ತಪಾಸಕರಿಗೆ ಸುಳ್ಳು ಹೇಳಿತು. ಇಲ್ಲಿ ಮಾಲೀಕ ತಿಳಿಯದೆಯೇ ತನ್ನ ಎಂಜಿನ್ನಿಗೆ ಸುಳ್ಳು ಹೇಳುತ್ತಾನೆ.

ಹಾಗಾಗಿ ಬಲ್ಲ ಮೆಕ್ಯಾನಿಕ್ ಮೊದಲು ಟರ್ಬೊದ ಬಾಯಲ್ಲಿ ಒತ್ತಡ ಎಷ್ಟು ಇಳಿಯುತ್ತಿದೆ ಎಂದು ಅಳೆಯುತ್ತಾನೆ, ಸೆನ್ಸರ್ ಇರುವ ತುಂಡಿನ ಅಗಲವನ್ನು ಹಾಗೇ ಉಳಿಸುತ್ತಾನೆ ಅಥವಾ ಕಂಪ್ಯೂಟರಿನ ಲೆಕ್ಕವನ್ನು ಹೊಸ ಅಗಲಕ್ಕೆ ಹೊಂದಿಸುತ್ತಾನೆ. ನಮ್ಮಲ್ಲಿ ಇನ್ನೊಂದು ಲೆಕ್ಕವೂ ಉಂಟು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಎಂಜಿನ್ನಿನ ಉಸಿರು ಬದಲಾದರೆ ಹೊಗೆಯೂ ಬದಲಾಗುತ್ತದೆ, ಆ ಹೊಗೆಯನ್ನು ಕುಡಿಯುವವರು ಹಿಂದಿನ ಸ್ಕೂಟರಿನಲ್ಲಿರುತ್ತಾರೆ.

ಟೊಯೊಟಾ 1997ರಲ್ಲಿ ಫಿನ್ಲೆಂಡಿನ ರ‍್ಯಾಲಿಗೆ ಕೊರೊಲಾ ಕಾರಿನೊಂದಿಗೆ ಮರಳಿತು. 1999ರಲ್ಲಿ ತಯಾರಕರ ಪ್ರಶಸ್ತಿಯನ್ನೂ ಗೆದ್ದಿತು, ಅದೇ 34 ಮಿ.ಮೀ. ತೂತಿನಿಂದ ಉಸಿರಾಡುತ್ತಾ. ಮುಂದೆ ಎಂಜಿನ್ 1.6 ಲೀಟರಿಗೆ ಇಳಿದಾಗ ತೂತು 33 ಮಿ.ಮೀ. ಆಯಿತು. 2017ರಲ್ಲಿ ಅದನ್ನು 36ಕ್ಕೆ ಏರಿಸಿದರು. ಸುಮಾರು 300 ಎಚ್‌ಪಿ ಇದ್ದ ಕಾರುಗಳು 380ರ ಹತ್ತಿರ ಹೋದವು. ಈ ಸಲ ಯಾರೂ ಸ್ಪ್ರಿಂಗ್ ಅಡಗಿಸಬೇಕಾಗಲಿಲ್ಲ. ಹೊಸ ಅಗಲವನ್ನು ನಿಯಮದ ಪುಸ್ತಕದಲ್ಲೇ ಬರೆದಿದ್ದರು.