ಗಾಜಿನ ಕಡಲಿಗೆ ನೆರೆಮನೆಯ ಹೆಪ್ಪು

ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ರಾತ್ರಿ, ಬೆಂಗಳೂರಿನ ಗಾಳಿಮಳೆಗೆ ನಮ್ಮ ಬೀದಿಯ ಮರವೊಂದು ಮುರಿದು ವಿದ್ಯುತ್ ತಂತಿಯ ಮೇಲೆ ಬಿತ್ತು. ಹನ್ನೊಂದು ಗಂಟೆಗೆ ಹೋದ ಕರೆಂಟು ಬೆಳಗಿನ ತನಕ ಬರಲಿಲ್ಲ. ಮನೆಯ ಯುಪಿಎಸ್ ಎರಡು ಗಂಟೆ ಎಳೆದು ಸುಮ್ಮನಾಯಿತು. ಅದರ ಜೊತೆಗೆ ನಡುಮನೆಯಲ್ಲಿದ್ದ ಮೂರಡಿ ಉದ್ದದ ಗಾಜಿನ ತೊಟ್ಟಿಯ ಪಂಪುಗಳೂ ನಿಂತವು. ಅದು ಉಪ್ಪುನೀರಿನ ತೊಟ್ಟಿ. ಎರಡು ಕ್ಲೌನ್ ಮೀನು, ಒಂದು ಸೀಗಡಿ, ಐದು ವರ್ಷ ಜತನದಿಂದ ಬೆಳೆಸಿದ ಮೆದು ಹವಳಗಳು ಅದರಲ್ಲಿದ್ದವು. ನೀರು ಅಲುಗದಿದ್ದರೆ ಅದಕ್ಕೆ ಗಾಳಿ ಬೆರೆಯುವುದಿಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಬೇರೇನೂ ತೋಚದೆ ತಂಬಿಗೆಯಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯತೊಡಗಿದೆ. ಎತ್ತುವುದು, ಸುರಿಯುವುದು. ಮೂರು ಗಂಟೆಯ ಹೊತ್ತಿಗೆ ಹೆಂಡತಿ ಎದ್ದು ಬಂದಳು. ಮೇಣದಬತ್ತಿಯ ಬೆಳಕಲ್ಲಿ ನನ್ನನ್ನು ಒಂದು ಕ್ಷಣ ನೋಡಿ, "ಕೊಡಿ ಇಲ್ಲಿ, ನೀವು ಸ್ವಲ್ಪ ಕೂತ್ಕೊಳ್ಳಿ" ಎಂದು ತಂಬಿಗೆ ಇಸಿದುಕೊಂಡಳು.

ಮೀನುಗಳು ಉಳಿದವು. ಹವಳಗಳು ಉಳಿಯಲಿಲ್ಲ. ಒಂದು ವಾರದಲ್ಲಿ ಒಂದೊಂದಾಗಿ ಕರಗಿ, ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು.

ಆ ದುಃಖದಲ್ಲೇ ನಾನು ಈ ಹವ್ಯಾಸದ ಚರಿತ್ರೆಯನ್ನು ಓದಲು ಶುರುಮಾಡಿದ್ದು. ಓದುತ್ತಾ ಹೋದಂತೆ ನನ್ನ ತಂಬಿಗೆಯೇ ಎದುರಾಯಿತು, 1846ರ ಇಂಗ್ಲೆಂಡಿನಲ್ಲಿ.

ಆ ವರ್ಷದ ಶರತ್ಕಾಲದಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದರು. ಅವರ ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. ಟಾರ್ಕಿಯ ಬಂಡೆಗಳ ನಡುವೆ ಸಿಕ್ಕಿದ ಪುಟ್ಟ ಕಲ್ಲುಹವಳಗಳು ಆಕೆಯ ಮನಸ್ಸನ್ನು ಹಿಡಿದವು. ಅವನ್ನು ಜೀವಂತವಾಗಿ ಲಂಡನ್ನಿಗೆ ಒಯ್ಯಬೇಕು. ಸುತ್ತಲೂ ನೀರಾಡಲೆಂದು ಹವಳವನ್ನು ದೊಡ್ಡದೊಂದು ಸ್ಪಂಜಿಗೆ ಸೂಜಿದಾರದಿಂದ ಹೊಲಿದು, ಕಲ್ಲಿನ ಜಾಡಿಯ ಸಮುದ್ರದ ನೀರಿನಲ್ಲಿಟ್ಟು ಪಯಣಿಸಿದರು. ಪಂಪಿಲ್ಲದ ಕಾಲ. ಲಂಡನ್ನಿನ ಮನೆಯಲ್ಲಿ ದಿನವೂ ತೆರೆದ ಕಿಟಕಿಯ ಮುಂದೆ ಅರ್ಧ ಮುಕ್ಕಾಲು ಗಂಟೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಬೇಕಾಗಿತ್ತು. ಸುರಿದವಳು ಮನೆಗೆಲಸದ ಹುಡುಗಿ. ಆಯಾಸದ ಕೆಲಸವೇ ಸರಿ, ಆದರೆ ಅವಳಿಗೆ ಅದೊಂದು ಆಟದಂತಿತ್ತು ಎಂದು ಥಿನ್ ಬರೆದಿಟ್ಟಿದ್ದಾರೆ. ಆಟವೋ ಅಲ್ಲವೋ ಆ ಹುಡುಗಿಯನ್ನೇ ಕೇಳಬೇಕಿತ್ತು. ಒಂದು ರಾತ್ರಿ ಸುರಿದದ್ದಕ್ಕೇ ನನ್ನ ಭುಜ ನಾಲ್ಕು ದಿನ ನೋಯುತ್ತಿತ್ತು.

ಮರುವರ್ಷ ಥಿನ್ ನೀರಿಗೆ ಕಡಲಪಾಚಿಯನ್ನೂ ಸೇರಿಸಿದರು. ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಟ್ಟಿತು, ಸುರಿಯುವ ಕೆಲಸ ಹಗುರಾಯಿತು. ಸುಮಾರು ಮೂರು ವರ್ಷ ಕಡಲಿನ ಜೀವಿಗಳು ಆ ಮನೆಯಲ್ಲಿ ಬದುಕಿದವು, ಮರಿಯನ್ನೂ ಮಾಡಿದವು. ಆಕೆಗೂ ಮೊದಲು, 1832ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ಜಾನ್ ವಿಲ್‌ಪ್ರೊ ಪವರ್ ಎಂಬಾಕೆ ಕಡಲ ಜೀವಿಗಳನ್ನು ಅಭ್ಯಸಿಸಲು ಗಾಜಿನ ತೊಟ್ಟಿಗಳನ್ನು ಮಾಡಿಸಿದ್ದರು. ಆದರೆ ಮನೆಯ ಪಡಸಾಲೆಯಲ್ಲಿ ಹವಳ ಸಾಕಿದ ಕತೆ ಹುಡುಕಿದರೆ ನಾವು ಹೋಗಿ ನಿಲ್ಲುವುದು ಥಿನ್ ಅವರ ಕಿಟಕಿಯ ಎದುರಿಗೆ.

ಹೆಸರು ಬಂದದ್ದು ಮಾತ್ರ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗ ವಿಜ್ಞಾನಿಗೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂತು, ಆ ಪದ ಜನರ ಬಾಯಿಗೆ ಹತ್ತಿತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು, ರೈಲು ಕಡಲತೀರದವರೆಗೂ ಹೋಗುತ್ತಿತ್ತು. ಇನ್ನೇನು ಬೇಕು? ಬುಟ್ಟಿ, ಉಳಿ, ಜಾಡಿ ಹಿಡಿದು ಜನ ಡೆವನ್ ತೀರಕ್ಕೆ ಇಳಿದರು. ಬಂಡೆಯ ಕೊಳಗಳಿಂದ ಕಿತ್ತರು, ಕೆತ್ತಿದರು, ಹೊತ್ತೊಯ್ದರು. ತಂದದ್ದರಲ್ಲಿ ಬಹುಪಾಲು ಸತ್ತಿತು. ಸತ್ತದ್ದರ ಬದಲಿಗೆ ಮತ್ತೆ ತಂದರು.

ಗಾಸ್ ಅವರ ಮಗ ಎಡ್ಮಂಡ್ ಬಾಲ್ಯದಲ್ಲಿ ತಂದೆಯ ಜೊತೆ ಅದೇ ಕೊಳಗಳಲ್ಲಿ ಕಾಲಾಡಿಸಿದವನು. 1907ರಲ್ಲಿ ಪ್ರಕಟವಾದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥೆಯಲ್ಲಿ ಆತ ಆ ತೀರಗಳು ಬರಿದಾದುದನ್ನು ನೆನೆದು ಮರುಗುತ್ತಾನೆ. ಜನರಿಗೆ ದಾರಿ ತೋರಿಸಿದ್ದು ತಂದೆಯ ಪುಸ್ತಕಗಳೇ, ಅದನ್ನು ಕಂಡು ತಂದೆಯೂ ನೊಂದರು ಎನ್ನುತ್ತಾನೆ. ಆ ಪುಟಗಳನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕಡಲನ್ನು ಪ್ರೀತಿಸಿ ಬರೆದವನ ಪುಸ್ತಕವೇ ಕಡಲತೀರಕ್ಕೆ ಮುಳುವಾಯಿತು. ನನ್ನ ಮನೆಯ ತೊಟ್ಟಿ ಅದೇ ವಂಶದ್ದು.

ಇಂಗ್ಲೆಂಡಿನ ಆ ಕಲ್ಲುಹವಳ ತಣ್ಣೀರಿನದು, ಮಬ್ಬಿನಲ್ಲೂ ಬದುಕುವಂಥದು, ಮಾಂಸದ ಚೂರು ಕೊಟ್ಟರೆ ತಿನ್ನುವಂಥದು. ಉಷ್ಣವಲಯದ ದಿಬ್ಬ ಕಟ್ಟುವ ಹವಳದ ಸ್ವಭಾವವೇ ಬೇರೆ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳಿದ್ದು ಬಿಸಿಲಿನಿಂದ ಅನ್ನ ಮಾಡಿಕೊಡುತ್ತವೆ. ಹಾಗಾಗಿ ಅದಕ್ಕೆ ಪ್ರಖರ ಬೆಳಕು ಬೇಕು, ಅಸ್ಥಿ ಕಟ್ಟಲು ಸುಣ್ಣ ಬೇಕು, ನೀರು ಬಹಳ ಶುದ್ಧವಾಗಿರಬೇಕು. ಅದನ್ನು ಮನೆಯಲ್ಲಿ ಬದುಕಿಸಲು ಇನ್ನೂ ನೂರು ವರ್ಷ ಹಿಡಿಯಿತು.

ಬೀಗದ ಕೈ ಸಿಕ್ಕಿದ್ದು ಜಕಾರ್ತಾದಲ್ಲಿ. ಲೀ ಚಿನ್ ಎಂಗ್ ಎಂಬ ಹವ್ಯಾಸಿ 1961ರಲ್ಲಿ ಅಮೆರಿಕದ ಮೀನು ಸಾಕಣೆಯ ಪತ್ರಿಕೆಯೊಂದರಲ್ಲಿ ತನ್ನ ಪದ್ಧತಿಯನ್ನು ವಿವರಿಸಿದರು. ದೊಡ್ಡ ಯಂತ್ರವಿಲ್ಲ. ಕಡಲಿನಿಂದ ತಂದ, ಜೀವಿಗಳು ತುಂಬಿದ ಕಲ್ಲು, ಬೆಳಕು, ಸಣ್ಣಗೆ ಏಳುವ ಗಾಳಿಗುಳ್ಳೆ, ಅಷ್ಟೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಆ ಕಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಗಾಳಿಯಾಡದ ಒಳಪದರಗಳಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕವಾಗಿ ಹೊರಬಿಡುತ್ತವೆ. ಕಲ್ಲೇ ಸೋಸುವ ಯಂತ್ರ.

ಅದನ್ನು ಕಡಲಿನಿಂದ ದೂರವಿದ್ದವರಿಗೂ ಒಗ್ಗಿಸಿದ್ದು ಜರ್ಮನ್ ಭಾಷಿಕ ಹವ್ಯಾಸಿಗಳು. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ತೊಟ್ಟಿಗೆ ಸುಣ್ಣದ ತಿಳಿನೀರು ಹಾಕಿ ಎಂದರು. ಆವಿಯಾಗಿ ಹೋದ ನೀರಿನ ಬದಲಿಗೆ ಸುಣ್ಣದ ತಿಳಿ. ಎಲೆಯಡಿಕೆ ಹಾಕುವ ನಮ್ಮ ಅಜ್ಜಿ ಕೇಳಿದ್ದರೆ ನಗುತ್ತಿದ್ದರು. ಬರ್ಲಿನ್ನಿನ ಕೂಟದವರು ಇದಕ್ಕೆ ಜೀವಂತ ಕಲ್ಲು, ಪ್ರಖರ ದೀಪ, ಹೊಲಸನ್ನು ನೊರೆಯಾಗಿಸಿ ಎತ್ತಿ ಹಾಕುವ ಸ್ಕಿಮ್ಮರ್ ಸೇರಿಸಿದರು. ಇಂದಿಗೂ ಅದಕ್ಕೆ ಬರ್ಲಿನ್ ಪದ್ಧತಿ ಎಂದೇ ಹೆಸರು. ಆ ಊರಿನ ಡೀಟ್ರಿಷ್ ಸ್ಟೂಬರ್ ಎಂಬ ಹವ್ಯಾಸಿಯ ತೊಟ್ಟಿಯಲ್ಲಿ ಆಕ್ರೊಪೋರಾ ಜಾತಿಯ ಕವಲು ಹವಳ ಸೊಗಸಾಗಿ ಬೆಳೆಯಿತು. ಆತ ಅದರ ಕವಲು ಮುರಿದು ಗೆಳೆಯರಿಗೆ ಕೊಟ್ಟರು. ಗೆಳೆಯರು ತಮ್ಮ ಗೆಳೆಯರಿಗೆ ಕೊಟ್ಟರು. ಸ್ಟೂಬರ್ ಆಕ್ರೊಪೋರಾ ಎಂಬ ಹೆಸರಿನಲ್ಲಿ ಅದು ಊರೂರು ದಾಟಿತು. ಡೆವನ್ನಿನಲ್ಲಿ ಪ್ರತಿಯೊಬ್ಬನೂ ಕಡಲಿಗೇ ಕೈ ಹಾಕಿದ್ದ. ಇಲ್ಲಿ ಒಬ್ಬನ ತೊಟ್ಟಿ ಇನ್ನೊಬ್ಬನಿಗೆ ಕಡಲಾಯಿತು.

ನಮ್ಮ ದೇಶದಲ್ಲಿ ಕವಲು ಹವಳ ಹಂಚಿಕೊಳ್ಳುವ ಮಾತಿಲ್ಲ. ದಿಬ್ಬ ಕಟ್ಟುವ ಹವಳ, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್, ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿದವು. ಹುಲಿಯೂ ಇರುವ ಪಟ್ಟಿ ಅದು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ನೀರಿನಲ್ಲಿ ಒಮ್ಮೆ ಮುಳುಗಿ ಹವಳ ನೋಡಿ ಬಂದವರಿಗೆ ಆ ಕಾನೂನಿನ ಬಗ್ಗೆ ತಕರಾರು ಇರಲಾರದು. ಆದ್ದರಿಂದ ನಮ್ಮ ಬೆಂಗಳೂರಿನ ಹತ್ತು ಹನ್ನೆರಡು ಜನರ ಗುಂಪು ಸಾಕುವುದು ಆ ಪಟ್ಟಿಯಲ್ಲಿಲ್ಲದ, ಗುಂಡಿ ಹೊಲಿದಂತೆ ಹರಡುವ ಝೊವಾಂಥಸ್, ಅಣಬೆಯಂಥ ಮಶ್ರೂಮ್ ಹವಳ, ಮತ್ತು ಮನುಷ್ಯರ ಕೈಯಲ್ಲೇ ಮೊಟ್ಟೆಯೊಡೆದ ಕ್ಲೌನ್ ಮೀನು. ನಮ್ಮ ಕಲ್ಲು ಸೆರಾಮಿಕ್ಕಿನದು. ನೀರು ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಮಿಶ್ರಣ ಕಲಸಿದ್ದು.

ಸೆರಾಮಿಕ್ ಕಲ್ಲಿಗೆ ಜೀವ ಎಲ್ಲಿಂದ ಬರಬೇಕು? ಹವಳ ಸತ್ತ ಮೇಲೆ ನಾನು ತೊಟ್ಟಿಯನ್ನು ಖಾಲಿ ಮಾಡಿ ಮಾರಿಬಿಡುವವನಿದ್ದೆ. ಮೀನುಗಳನ್ನು ಅಷ್ಟರಲ್ಲೇ ಗುಂಪಿನ ಹಿರಿಯರೊಬ್ಬರ ಮನೆಗೆ ದಾಟಿಸಿದ್ದೆ. ಬ್ಯಾಂಕಿನಿಂದ ನಿವೃತ್ತರಾದವರು, ಜಯನಗರದ ಮನೆ. ಒಂದು ಭಾನುವಾರ ಅವರೇ ಸ್ಕೂಟರಿನಲ್ಲಿ ಬಂದರು. ಕಾಲ ಬಳಿ ಐಸ್‌ಕ್ರೀಮ್ ತರುವ ಥರ್ಮಕೋಲ್ ಪೆಟ್ಟಿಗೆ. ಅದರೊಳಗೆ ಅವರ ತೊಟ್ಟಿಯ ನೀರಿನಲ್ಲಿ ಮುಷ್ಟಿ ಗಾತ್ರದ ಒಂದು ಹಳೇ ಕಲ್ಲು, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ.

"ಹೊಸ ನೀರಿಗೆ ಈ ಕಲ್ಲು ಬಿಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅವಸರ ಮಾಡಬೇಡಿ, ಒಂದು ತಿಂಗಳು ತಗೊಳ್ಳುತ್ತೆ" ಎಂದರು. ಆಮೇಲೆ ಚೀಲ ಕೈಗಿತ್ತರು. "ಇದು ನಿಮ್ಮದೇ ಸಾರ್. ಎರಡು ವರ್ಷದ ಹಿಂದೆ ನೀವೇ ನನಗೆ ಕೊಟ್ಟಿದ್ರಿ, ಮರೆತುಬಿಟ್ರಾ? ಅಲ್ಲೀತನಕ ನಮ್ಮನೇಲಿ ಇರಲಿ ಅಂದ್ರೂ ಸರಿ, ಇಟ್ಕೊಂಡಿರ್ತೀನಿ."

ಚೀಲದಲ್ಲಿ ಹಸಿರು ಅಂಚು, ಕಿತ್ತಳೆ ನಡುವಿನ ಝೊವಾಂಥಸ್ಸಿನ ಐದು ಮೊಗ್ಗುಗಳಿದ್ದವು. ನನ್ನ ತೊಟ್ಟಿಯಲ್ಲಿ ಸತ್ತ ಹವಳದ ಒಡಹುಟ್ಟು. ಚಿಕ್ಕಂದಿನಲ್ಲಿ ಮೊಸರು ಕೆಟ್ಟ ದಿನ ಅಮ್ಮ ಲೋಟ ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಿದ್ದಳು. ಅವರ ಮೊಸರು ಹಿಂದೆಂದೋ ನಮ್ಮ ಮನೆಯ ಹೆಪ್ಪಿನಿಂದಲೇ ಆದದ್ದಿರುತ್ತಿತ್ತು.

ಆ ಐದು ಮೊಗ್ಗು ಈಗ ಅಂಗೈ ಅಗಲಕ್ಕೆ ಹರಡಿದೆ. ಕಳೆದ ವರ್ಷದಿಂದ ಅದನ್ನು ಕತ್ತರಿಸಿ ನಾಲ್ಕು ಮನೆಗೆ ಕೊಟ್ಟಿದ್ದೇನೆ. ಅದರ ರಸ ವಿಷ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಯೇ ಕತ್ತರಿಸಬೇಕು. ಯಾವ ತುಂಡು ಯಾರ ಮನೆಗೆ ಹೋಯಿತು, ನನ್ನಲ್ಲಿರುವುದು ಯಾರಿಂದ ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಬ್ಯಾಟರಿಯ ಏರ್ ಪಂಪು ಕೂಡ ಕೊಂಡಿದ್ದೇನೆ, ಆದರೂ ತಂಬಿಗೆ ತೊಟ್ಟಿಯ ಕೆಳಗೇ ಇದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವೆಸ್ಟ್‌ಮಿನ್‌ಸ್ಟರಿನ ಆ ಹುಡುಗಿಯ ಹೆಸರು ಬರೆಯೋಣವೆಂದು ಹುಡುಕಿದೆ. ಥಿನ್ ಬರೆಯುವಾಗ ಹವಳಗಳ ಲೆಕ್ಕವಿಟ್ಟಿದ್ದಾರೆ, ನೀರು ಸುರಿದ ನಿಮಿಷಗಳ ಲೆಕ್ಕವನ್ನೂ ಇಟ್ಟಿದ್ದಾರೆ. ಅವಳ ಹೆಸರು ನನಗೆ ಸಿಗಲಿಲ್ಲ. ಆ ಗೆರೆಯನ್ನು ಖಾಲಿ ಬಿಟ್ಟು, ಎರಡನೆಯ ಗೆರೆಯಿಂದ ಬರೆಯಲು ಶುರುಮಾಡಿದ್ದೇನೆ.